ಮೊಳಕೈಗೆ ಇಳಿದ ಎಣ್ಣೆ

“ಅದನ್ನ ಮುಟ್ಬೇಡಿ” ಎಂದು ನಾನು ಹೇಳುವಷ್ಟರಲ್ಲಿ ಠಾಣಾಧಿಕಾರಿ ಕೆರ್ವೆಲ್ಲಾ ಮುಟ್ಟಿಯಾಗಿತ್ತು.

ನಾನು ಅಪೊಲಿನ್‌ಳ ಮುಕ್ಕಾಲಿ ಹತ್ತಿ ಅವಳ ಕಪಾಟಿನ ತುತ್ತತುದಿಯ ಹಲಗೆಯನ್ನು ನೋಡುತ್ತಿದ್ದೆ. ಅವರು ನೆಲದ ಮೇಲೇ ನಿಂತು, ಉದ್ದನೆಯ ತೋಳು ಚಾಚಿ, ಅದೇ ಹಲಗೆಯನ್ನು ತಡಕಿದರು. ಕೈ ಹೊರಬಂದಾಗ ಬೆರಳೆಲ್ಲ ಅಂಟಂಟು. ಮೂಸಿ ನೋಡಿ, ಕಿತ್ತಳೆ ಸಿಪ್ಪೆಯ ವಾಸನೆ ಅಂದರು. ನಲ್ಲಿಯ ಕಡೆ ತಿರುಗಿದರು.

ನಾನು ಕೆಳಗಿಳಿದು ಅವರ ಮುಂಗೈ ಹಿಡಿದುಕೊಂಡೆ. ಸುಗಂಧ ತೈಲ ತಾಗಿದ ಕೈಯನ್ನು ನೇರವಾಗಿ ನೀರಿಗೆ ಒಡ್ಡುವುದು ನಮ್ಮ ಸೀಮೆಯಲ್ಲಿ ಹತ್ತು ವರ್ಷದ ಮಗುವೂ ಮಾಡದ ತಪ್ಪು. ನೀರಿಗೆ ಅದು ಹೋಗುವುದಿಲ್ಲ, ಇನ್ನಷ್ಟು ಹರಡುತ್ತದೆ. ಮೊದಲು ಅಡುಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಬೇಕು, ಆಮೇಲೆ ಸೋಪು, ಕೊನೆಗೆ ನೀರು. ಕೆರ್ವೆಲ್ಲಾ ಬ್ರಿಟನಿ ಕರಾವಳಿಯಿಂದ ವರ್ಗವಾಗಿ ಬಂದು ಎಂಟು ತಿಂಗಳಾಗಿದೆ. ಅವರಿಗೆ ಮೀನು ಗೊತ್ತು, ತೈಲ ಗೊತ್ತಿಲ್ಲ.

ಆಲಿವ್ ಎಣ್ಣೆ ಹಚ್ಚಿ ನಾನೇ ಅವರ ಬೆರಳು ಒರೆಸಿದೆ. “ನಾಳೆವರೆಗೂ ಈ ಕೈಗೆ ಬಿಸಿಲು ತಾಗಿಸ್ಬೇಡಿ. ಜೇಬಲ್ಲೇ ಇಟ್ಕೊಳ್ಳಿ.”

“ಎಣ್ಣೆಗೂ ಬಿಸಿಲಿಗೂ ಏನ್ರೀ ಮೇಡಂ ನೆಂಟಸ್ತನ?”

“ಇದು ಬರ್ಗಮಾಟ್, ಹುಳಿ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ ಎಣ್ಣೆ. ನೆರಳಲ್ಲಿ ಸಾಧು. ಬಿಸಿಲು ಬಿತ್ತು ಅಂದ್ರೆ ಚರ್ಮ ಸುಡುತ್ತೆ. ತಕ್ಷಣ ಅಲ್ಲ, ಒಂದೆರಡು ದಿನ ಬಿಟ್ಟು ಬೊಬ್ಬೆ ಏಳುತ್ತೆ.”

ಅವರು ನಕ್ಕರು. ಆದರೂ ಬಲಗೈ ಜೇಬಿಗೆ ಹೋಯಿತು.

ನನಗೆ ನಗು ಬರಲಿಲ್ಲ. ಶನಿವಾರ ಬೆಳಿಗ್ಗೆ, ಲ್ಯಾವೆಂಡರ್ ಹೂವಿನಿಂದ ತೈಲ ಇಳಿಸುವ ಬಟ್ಟಿಯ ಯಜಮಾನ, ಎಪ್ಪತ್ತೆಂಟರ ಇಸ್ನಾರಜ್ಜ, ಮೂಗಿನಲ್ಲಿ ರಕ್ತ ಸುರಿಸಿಕೊಂಡು ಬಿದ್ದಿದ್ದರು. ಇಂದು ಬುಧವಾರ, ಸಂಜೆ ನಾಲ್ಕಕ್ಕೆ ಕೆರ್ವೆಲ್ಲಾ ಅಪೊಲಿನ್‌ಳನ್ನು ಜಿಲ್ಲಾ ನ್ಯಾಯಾಧೀಶರ ಮುಂದೆ ನಿಲ್ಲಿಸಲಿದ್ದರು. ಅಲ್ಲಿಂದ ಅವಳು ಮನೆಗೆ ಬರುವುದಿಲ್ಲ ಎಂದು ಊರಿಗೆ ಊರೇ ತೀರ್ಮಾನಿಸಿತ್ತು. ಅದಕ್ಕೇ ಅವಳ ಕಪಾಟನ್ನು ಇನ್ನೊಮ್ಮೆ ತೋರಿಸಿ ಎಂದು ಅವರನ್ನು ಕಾಡಿ ಕರೆತಂದಿದ್ದೆ.

ಅಪೊಲಿನ್ ಎಣ್ಣೆ ಹಚ್ಚಿ ಮೈ ನೀವುವ ಕೆಲಸದವಳು. ಮೂವತ್ತೆರಡು ವರ್ಷ, ಗಿಡ್ಡ ಆಳು, ಹಿಂದೆ ಮುಂದೆ ಯಾರೂ ಇಲ್ಲ. ಪ್ರತಿ ಮಂಗಳವಾರ ಅಜ್ಜನ ಮಂಡಿ ನೀವಿ, ವಾರಪೂರ್ತಿ ಹಚ್ಚಿಕೊಳ್ಳಲು ಒಂದು ಸಣ್ಣ ಸೀಸೆ ಕೊಟ್ಟು ಬರುತ್ತಿದ್ದಳು. ಬಾದಾಮಿ ಎಣ್ಣೆಗೆ ನೂರಕ್ಕೆ ಎರಡರಂತೆ ಲ್ಯಾವೆಂಡರ್, ಅಷ್ಟೇ. ಆದರೆ ಅಜ್ಜನ ಹಾಸಿಗೆಯ ಪಕ್ಕ ಸಿಕ್ಕ ಸೀಸೆಯಲ್ಲಿ ಇದ್ದದ್ದು ಅಪ್ಪಟ ವಿಂಟರ್‌ಗ್ರೀನ್ ತೈಲ.

ನೋವಿನ ಮುಲಾಮಿಗೆ ಆ ವಾಸನೆ ಬರುವುದೇ ವಿಂಟರ್‌ಗ್ರೀನ್‌ನಿಂದ. ಹದವಾಗಿ ಬೆರೆಸಿದರೆ ಔಷಧಿ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ಮೈಗೆ ಸೋಕಿಸುವಂತಿಲ್ಲ. ಚರ್ಮದಿಂದ ಒಳಗಿಳಿದು, ಇದ್ದ ರಕ್ತವನ್ನೂ ನೀರು ಮಾಡುತ್ತದೆ. ಅಜ್ಜ ಆರು ವರ್ಷದಿಂದ ಆ ಮಾತ್ರೆ ನುಂಗುತ್ತಾರೆ. ಕೊಡುವವಳು ನಾನೇ. ಊರಿನ ಒಂದೇ ಒಂದು ಔಷಧಿ ಅಂಗಡಿ ನನ್ನದು.

ಇದು ಅಪೊಲಿನ್‌ಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳು ಯಾರ ಮೈ ಮುಟ್ಟುವುದಕ್ಕೂ ಮೊದಲು ಮೂರು ಪ್ರಶ್ನೆ ಕೇಳಿ ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆ: ಯಾವ ಮಾತ್ರೆ, ಬಸುರಿಯಾ, ಮೂರ್ಛೆ ರೋಗ ಉಂಟಾ. ಹೊಸ ಎಣ್ಣೆಯಾದರೆ ಮೊಳಕೈ ಮಡಿಕೆಗೆ ಒಂದು ಹನಿ ಹಚ್ಚಿ, ಸುತ್ತ ಪೆನ್ನಿನಲ್ಲಿ ಸೊನ್ನೆ ಬರೆದು, ಒಂದು ದಿನ ಕಾಯಿಸುತ್ತಾಳೆ. ಊರಿನ ಗಂಡಸರು ಅವಳನ್ನು ಸೊನ್ನೆಯಮ್ಮ ಎಂದು ಗೇಲಿ ಮಾಡುತ್ತಿದ್ದುದು ಅದಕ್ಕೇ. ಇಸ್ನಾರಜ್ಜನ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಳು: ವಿಂಟರ್‌ಗ್ರೀನ್ ಬೇಡವೇ ಬೇಡ.

ಕೆರ್ವೆಲ್ಲಾ ಆ ಚೀಟಿಯನ್ನೇ ಅವಳ ವಿರುದ್ಧ ತಿರುಗಿಸಿದ್ದರು. ಗೊತ್ತಿದ್ದೂ ಹಚ್ಚಿದಳು ಎಂದರೆ ಕೊಲೆಯ ಉದ್ದೇಶವೇ ತಾನೆ. ಸೋಮವಾರ ಯಾರೋ ಹೆಂಗಸು ಹೆಸರು ಹೇಳದೆ ಠಾಣೆಗೆ ಫೋನ್ ಮಾಡಿ, ಅಪೊಲಿನ್‌ಳ ಮೇಲಿನ ಹಲಗೆ ನೋಡಿ ಅಂದಳಂತೆ. ನೋಡಿದರು. ಅರ್ಧ ಖಾಲಿಯಾದ ವಿಂಟರ್‌ಗ್ರೀನ್ ಸೀಸೆ ಅಲ್ಲಿತ್ತು, ಪೇದೆಯೊಬ್ಬ ಮುಕ್ಕಾಲಿ ಹತ್ತಿ ಬೇರೇನೂ ಮುಟ್ಟದೆ ಅದನ್ನಷ್ಟೇ ಎತ್ತಿಕೊಂಡ. ಅದರ ಮೇಲೆ ಒಂದೇ ಒಂದು ಬೆರಳಚ್ಚು ಇರಲಿಲ್ಲ.

“ತನ್ನ ಮನೇಲಿ, ತನ್ನ ಕಪಾಟಲ್ಲಿ, ತನ್ನ ಸೀಸೆ ಒರೆಸಿ ಇಡೋರು ಯಾರು?” ಎಂದು ಕೇಳಿದೆ.

“ಕಳ್ಳರು” ಎಂದರು ಕೆರ್ವೆಲ್ಲಾ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಜ್ಜನದೇ ಆಗಿತ್ತು. ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ಹೇಳಿದ್ದರು: “ಐವತ್ತು ವರ್ಷದ ಮೂಗು ಇದು. ವಿಂಟರ್‌ಗ್ರೀನ್ ಅಂತ ಗೊತ್ತಾಗ್ದೇ ಏನು? ಅಪೊಲಿನ್ ಕೊಟ್ಟಿದಾಳೆ, ಗೊತ್ತಿದ್ದೇ ಕೊಟ್ಟಿರ್ತಾಳೆ ಅಂತ ಹಚ್ಕೊಂಡೆ.” ಆ ಮಾತು ಬರವಣಿಗೆಗೆ ಇಳಿದ ಮೇಲೆ ಹುಡುಗಿಯ ಪರ ನಿಲ್ಲುವವರು ಯಾರೂ ಉಳಿದಿರಲಿಲ್ಲ.

ನಾನು ಮತ್ತೆ ಮುಕ್ಕಾಲಿ ಹತ್ತಿದೆ. ಹಲಗೆಯ ಹಿಂಬದಿಯಲ್ಲಿ ಬರ್ಗಮಾಟ್ ಸೀಸೆ ಅಡ್ಡಬಿದ್ದಿತ್ತು. ಬಿರಡೆ ಸಡಿಲವಾಗಿತ್ತು. ಎಣ್ಣೆ ಹಲಗೆಯ ಅಂಚಿಗೆ ಹರಿದು, ಅಲ್ಲಿಂದ ಕೆಳಗೆ ಇಳಿದು, ಒಣಗಿ ಅಂಟಾಗಿತ್ತು.

ಅಪೊಲಿನ್ ಗಿಡ್ಡಿ. ಮುಕ್ಕಾಲಿ ಇಲ್ಲದೆ ಅವಳ ಕೈ ಇಲ್ಲಿಗೆ ಎಟುಕದು. ಮುಕ್ಕಾಲಿ ಹತ್ತಿದರೆ ಹಲಗೆ ಕಣ್ಣೆದುರೇ ಇರುತ್ತದೆ, ಸೀಸೆ ಬಿದ್ದರೆ ಕಾಣುತ್ತದೆ, ಎತ್ತಿ ನಿಲ್ಲಿಸುತ್ತಾಳೆ. ಹಾಗಾದರೆ ವಿಂಟರ್‌ಗ್ರೀನ್ ಇಟ್ಟವರು ಕೆಳಗೇ ನಿಂತು, ಕಣ್ಣಿಗೆ ಕಾಣದ ಜಾಗಕ್ಕೆ ಕೈ ಚಾಚಿ ತಳ್ಳಿದ್ದಾರೆ. ಈಗ ತಾನೇ ಕೆರ್ವೆಲ್ಲಾ ಮಾಡಿದ ಹಾಗೆ. ಅವರ ಕೈಗೂ ಎಣ್ಣೆ ಅಂಟಿರಬೇಕು.

ಬಾಗಿಲ ಬೀಗದ ಕೈ ಹೊರಗಿನ ಕುಂಡದ ಕೆಳಗೆ ಇರುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಹಾಗಾಗಿ ಯಾರು ಬೇಕಾದರೂ ಆಗಿರಬಹುದು. ಎತ್ತರದವರು ಆಗಿರಬೇಕು, ಅಷ್ಟೇ.

ಇದನ್ನು ಕೆರ್ವೆಲ್ಲಾರಿಗೆ ಹೇಳಿದೆ. ಅವರು ಗಡಿಯಾರ ನೋಡಿಕೊಂಡು, ನಾಲ್ಕು ಗಂಟೆ ನಾಲ್ಕೇ ಗಂಟೆ ಎಂದರು.

*

ಅಂಗಡಿಗೆ ವಾಪಸು ಬಂದಾಗ ರೊಸೆಲೀನ್ ಕಾಯುತ್ತಿದ್ದಳು. ಮನೆಮನೆಗೆ ಹೋಗಿ ಸೂಜಿ ಚುಚ್ಚುವ, ಗಾಯಕ್ಕೆ ಪಟ್ಟಿ ಕಟ್ಟುವ ನಮ್ಮೂರ ನರ್ಸು ಅವಳು. ಹನ್ನೆರಡು ವರ್ಷದ ಗೆಳೆತನ ನಮ್ಮದು. ಅವಳ ಅಪ್ಪ ಇದೇ ಇಸ್ನಾರಜ್ಜನ ಬಟ್ಟಿಯಲ್ಲಿ ದುಡಿಯುತ್ತಾ, ಒಂದು ಬೇಸಿಗೆ ಬಾಯ್ಲರ್ ಸಿಡಿದು ಸತ್ತವನು. ಆದರೂ ಮುಖ ಸಿಂಡರಿಸದೆ ದಿನಾ ಆ ಮನೆಗೆ ಹೋಗಿ ಅಜ್ಜನ ಸೇವೆ ಮಾಡುತ್ತಾಳೆ ಎಂದು ಊರವರು ಅವಳನ್ನು ಹೊಗಳುತ್ತಾರೆ. ನಾನೂ ಹೊಗಳಿದ್ದೇನೆ.

ಅಜ್ಜನನ್ನು ನಿನ್ನೆ ಮನೆಗೆ ಕಳುಹಿಸಿದ್ದರು. ಮಾತ್ರೆ ನಿಲ್ಲಿಸಿದ್ದರೂ ರಕ್ತ ಇನ್ನೂ ಹೆಪ್ಪುಗಟ್ಟುವ ಹದಕ್ಕೆ ಬಂದಿರಲಿಲ್ಲ. ಸಣ್ಣ ಗೀರೂ ಆಗದ ಹಾಗೆ ನೋಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದಾರೆ ಎಂದಳು. ಅಂಗಾಲು ಒಡೆದಿದೆ, ಹಚ್ಚಲು ಏನೂ ಬೆರೆಸದ ಬಾದಾಮಿ ಎಣ್ಣೆ ಬೇಕು ಎಂದಳು.

ಪಾತ್ರೆಯಿಂದ ಸಣ್ಣ ಸೀಸೆಗೆ ಬಗ್ಗಿಸಿಕೊಟ್ಟೆ. ನೇರಳೆ ಶಾಯಿಯಲ್ಲಿ ಚೀಟಿ ಬರೆದು ಅಂಟಿಸಿದೆ: ಇಸ್ನಾರ್ ಅವರಿಗೆ, ಶುದ್ಧ ಬಾದಾಮಿ, ಮೈಗೆ ಮಾತ್ರ. ಚೀಟಿ ಕೈಯಿಂದಲೇ ಬರೆಯಬೇಕು ಎನ್ನುವುದು ನನ್ನ ಹಟ. ಅಕ್ಷರ ನೋಡಿದರೆ ಸಾಕು, ಅಂಗಡಿ ಯಾವುದು ಎಂದು ಊರು ಹೇಳುತ್ತದೆ.

“ಅಜ್ಜ ಊಟ ಮಾಡ್ತಿದಾರಾ?” ಎಂದು ಕೇಳಿದೆ.

“ಹಾಕಿದ್ದು ತಿಂತಾರೆ ಓನೊರೀನಕ್ಕ, ಏನು ತಿಂತಿದೀನಿ ಅಂತ ಕೇಳಲ್ಲ. ಹೋದ ತಿಂಗಳು ನೋಡು, ತುಳಸಿ ಸಾರು ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಇವರು ಒಲೆ ಪಕ್ಕದಲ್ಲೇ ಕೂತು ‘ಅಡುಗೆ ಆಯ್ತಾ’ ಅಂತಾರೆ. ಆ ಮೂಗು ಇರೋದು ಬರೀ ಕನ್ನಡಕ ಕೂರ್ಸೋಕೆ.”

ಇಬ್ಬರೂ ನಕ್ಕೆವು. ಸುಟ್ಟಗಾಯಕ್ಕೆ ಹಚ್ಚುವ ಮುಲಾಮು, ಬಟ್ಟೆಪಟ್ಟಿ ಎರಡು ಸುತ್ತು ಹೆಚ್ಚಿಗೆ ಕೇಳಿದಳು. ಅಜ್ಜನ ತಮ್ಮನ ಮಗ ಎಲ್ಜೆಯಾರ್ ಬಟ್ಟಿಯಲ್ಲಿ ಉಗಿ ಹೊಡೆಸಿಕೊಂಡು ತೋಳು ಸುಟ್ಟುಕೊಂಡಿದ್ದಾನಂತೆ. ಉಗಿಗೆ ಬೆಂದ ಚರ್ಮ ಅಗಲಕ್ಕೆ ಕೆಂಪಾಗುತ್ತದೆ, ಇವನಿಗೆ ಮಾತ್ರ ಗೆರೆ ಗೆರೆಯಾಗಿ ಬೊಬ್ಬೆ ಎದ್ದಿದೆ, ಎಂಥ ಉಗಿಯೋ ಏನೋ ಎಂದು ಗೊಣಗಿಕೊಂಡು ಚೀಲ ಹೆಗಲಿಗೇರಿಸಿ ಹೋದಳು.

ಗೆರೆ ಗೆರೆಯಾಗಿ. ನಾನು ಅಂಗಡಿಗೆ ಬೀಗ ಹಾಕಿದೆ.

ಎಲ್ಜೆಯಾರ್ ಆರಡಿ ಮೂರಂಗುಲದ ಆಳು.

*

ಬಟ್ಟಿಯ ಅಂಗಳದಲ್ಲಿ ಕೊಯ್ದ ಲ್ಯಾವೆಂಡರ್ ಆಳೆತ್ತರಕ್ಕೆ ಬಿದ್ದಿತ್ತು. ಎಲ್ಜೆಯಾರ್ ಗೋಡೆಯ ನೆರಳಿನಲ್ಲಿ ಕುಳಿತು ರೊಟ್ಟಿ, ಮೇಕೆ ಹಾಲಿನ ಗಿಣ್ಣು, ಟೊಮ್ಯಾಟೊ ತಿನ್ನುತ್ತಿದ್ದ. ಜುಲೈ ಮಧ್ಯಾಹ್ನದ ಎರಡು ಗಂಟೆ. ಕೆಲಸದವರೆಲ್ಲ ಬರಿಮೈಯಲ್ಲಿ ಇದ್ದರೆ ಇವನೊಬ್ಬ ತುಂಬುತೋಳಿನ ಅಂಗಿ ತೊಟ್ಟು ಮಣಿಕಟ್ಟಿಗೆ ಗುಂಡಿ ಹಾಕಿಕೊಂಡಿದ್ದ.

ನನ್ನನ್ನು ಕಂಡವನೇ ಬಲಗೈಯನ್ನು ಬೆನ್ನ ಹಿಂದೆ ಸರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ‘ಕಳ್ಳ’ ಎನ್ನುವುದಕ್ಕೂ ಇವನು ಕಾಯಲಿಲ್ಲ.

ಔಷಧಿ ಅಂಗಡಿಯವಳು ನಾನು, ಗಾಯ ನೋಡುತ್ತೇನೆ ಎಂದೆ. ರೊಸೆಲೀನ್ ನೋಡಿದ್ದಾಳೆ ಎಂದ. ನಾನೂ ನೋಡುತ್ತೇನೆ ಎಂದು ಅವನ ಎದುರು ಕುಕ್ಕರಗಾಲಿನಲ್ಲಿ ಕುಳಿತೇಬಿಟ್ಟೆ. ನನ್ನಂಥ ಅರವತ್ತು ದಾಟಿದ ಹೆಂಗಸು ಹಾಗೆ ಕುಳಿತರೆ ಎಬ್ಬಿಸಿ ಕಳುಹಿಸುವುದು ಕಷ್ಟ. ಅವನು ಗುಂಡಿ ಬಿಚ್ಚಿದ.

ಪಟ್ಟಿ ಬಿಚ್ಚಿ ತೆಗೆದೆ. ಮಣಿಕಟ್ಟಿನಿಂದ ಮೊಳಕೈ ಕಡೆಗೆ ಮೂರು ಗೆರೆ. ಒಂದು ದಪ್ಪ, ಎರಡು ಸಣ್ಣ. ನಡುವೆ ನೀರು ತುಂಬಿದ ಬೊಬ್ಬೆ, ಅಂಚಿನಲ್ಲಿ ಆಗಲೇ ಕಂದು ಬಣ್ಣ. ಮೊಳಕೈ ಇನ್ನೂ ನಾಲ್ಕು ಬೆರಳು ದೂರ ಇರುವಾಗ ಮೂರೂ ಗೆರೆ ಒಟ್ಟಿಗೆ ನಿಂತುಬಿಟ್ಟಿದ್ದವು, ಚಾಕುವಿನಲ್ಲಿ ಕತ್ತರಿಸಿದ ಹಾಗೆ.

“ಯಾವಾಗ ಆಯ್ತು?”

“ಸೋಮವಾರ. ಉಗಿ ತಿರುಪು ತೆಗೀವಾಗ.”

ಎದ್ದು ಹೋಗಿ ಆ ತಿರುಪನ್ನು ನೋಡಿಬಂದೆ. ಅದು ಮಂಡಿಯ ಎತ್ತರಕ್ಕೂ ಕೆಳಗಿತ್ತು.

“ಅಲ್ಲಿ ಉಗಿ ಹೊಡೆದ್ರೆ ಮೊದಲು ಬೆರಳು ಬೇಯ್ಬೇಕು. ನಿನ್ನ ಬೆರಳಿಗೆ ಏನೂ ಆಗಿಲ್ಲ. ಉಗಿ ಗೆರೆ ಎಳ್ಕೊಂಡು ಹರಿಯಲ್ಲ, ಎಲ್ಜೆಯಾರ್. ಹರಿಯೋದು ಎಣ್ಣೆ.”

ಅವನು ಟೊಮ್ಯಾಟೊ ಕೆಳಗಿಟ್ಟ.

“ಆ ಕೈ ಮೇಲಕ್ಕೆತ್ತು. ಎತ್ತರದ ಹಲಗೆ ಮೇಲೆ ಏನೋ ಇಡೋ ಹಾಗೆ.”

ಎತ್ತಲಿಲ್ಲ. ನಾನೇ ಅವನ ಮಣಿಕಟ್ಟು ಹಿಡಿದು ಮೇಲೆತ್ತಿದೆ. ಮೂರೂ ಗೆರೆಗಳು ನೆಟ್ಟಗೆ ನೆಲದ ಕಡೆ ತಿರುಗಿದವು. ಕೈ ಇಳಿಬಿಟ್ಟವನ ತೋಳಿನಲ್ಲಿ ಎಣ್ಣೆ ಬೆರಳಿನ ಕಡೆ ಹರಿಯುತ್ತದೆ. ಮೊಳಕೈಗೆ ಇಳಿಯುವುದು ಕೈ ಎತ್ತಿದವನಿಗೆ ಮಾತ್ರ.

“ಗೆರೆ ಇಲ್ಲಿಗೆ ನಿಂತಿದೆ ನೋಡು. ಅಂಗಿ ತೋಳು ಮಡಿಸಿದ್ದು ಇಲ್ಲೀವರೆಗೆ. ಒಳಗೂ ಎಣ್ಣೆ ಹೋಗಿದೆ, ಆದ್ರೆ ಅಲ್ಲಿ ಬಿಸಿಲು ಬಿದ್ದಿಲ್ಲ, ಸುಟ್ಟಿಲ್ಲ. ಭಾನುವಾರ ಅಪೊಲಿನ್ ಕಪಾಟಿಗೆ ಕೈ ಹಾಕ್ದೆ. ಆಮೇಲೆ ಹೊಲಕ್ಕೆ ಬಂದು, ಕೈಗವಸು ಹಾಕ್ಕೊಂಡು ಸಂಜೆವರೆಗೂ ಬಿಸಿಲಲ್ಲಿ ಲ್ಯಾವೆಂಡರ್ ಹೇರಿದೆ, ಅದಕ್ಕೇ ಬೆರಳು ಉಳೀತು. ಸರೀನಾ?”

ಅವನು ತಲೆ ತಗ್ಗಿಸಿ ಅಂಗಿ ತೋಳನ್ನು ಗೆರೆಗಳ ಮೇಲೆ ಎಳೆದುಕೊಂಡ. ನಲವತ್ತು ವರ್ಷದ, ಎತ್ತಿನಂಥ ಗಂಡಸು. ಅವನನ್ನು ಆ ಸ್ಥಿತಿಯಲ್ಲಿ ನೋಡಿ ನನಗೆ ಸ್ವಲ್ಪವೂ ಕನಿಕರ ಹುಟ್ಟಲಿಲ್ಲ. ಠಾಣೆಯ ಬೆಂಚಿನ ಮೇಲೆ ಎರಡು ದಿನದಿಂದ ನಿದ್ದೆ ಇಲ್ಲದೆ ಕುಳಿತ ಹುಡುಗಿಯೇ ಕಣ್ಣ ಮುಂದೆ ಇದ್ದಳು.

“ನಾನು ಅವಳನ್ನ ಉಳಿಸೋಕೆ ಹೋಗಿದ್ದು, ಅಕ್ಕ” ಎಂದ.

ಉಳಿದದ್ದು ತುಂಡು ತುಂಡಾಗಿ ಹೊರಬಂತು. ಭಾನುವಾರ ಅವನು ಆಸ್ಪತ್ರೆಯಿಂದ ಮನೆಗೆ ಬಂದಾಗ ಒಬ್ಬರು ಅವನ ಕೈಗೆ, ಕಾಗದದಲ್ಲಿ ಸುತ್ತಿದ ಆ ಅರ್ಧ ಖಾಲಿ ಸೀಸೆ ಕೊಟ್ಟರಂತೆ. ದೊಡ್ಡಪ್ಪನ ಮಂಚದ ಕೆಳಗೆ ಸಿಕ್ಕಿತು, ಅಪೊಲಿನ್ ಮರೆತು ಬಿಟ್ಟು ಹೋಗಿರಬೇಕು, ಪೊಲೀಸರಿಗೆ ಇಲ್ಲಿ ಸಿಕ್ಕರೆ ಅವಳ ಕಥೆ ಮುಗಿಯಿತು, ಅವಳ ಮೇಲಿನ ಹಲಗೆಯ ಮೇಲೆ ಇಟ್ಟುಬಿಡು, ಯಾರಿಗೂ ಹೇಳಬೇಡ ಎಂದರಂತೆ. ಅಪೊಲಿನ್ ತಿಳಿಯದೆ ಏನೋ ತಪ್ಪು ಮಾಡಿದ್ದಾಳೆ ಎಂದು ಇವನು ನಂಬಿಬಿಟ್ಟ. ಕಾಗದ ಸಮೇತ ಹಿಡಿದು, ಹಲಗೆಗೆ ಜಾರಿಸಿ, ಕಾಗದ ಜೇಬಿಗೆ ಹಾಕಿಕೊಂಡು ಬಂದ. ಮಾರನೆಯ ದಿನ ಪೊಲೀಸರು ನೆಟ್ಟಗೆ ಅದೇ ಹಲಗೆಗೆ ಹೋದರು.

“ಆವಾಗ್ಲಾದ್ರೂ ಬಾಯಿ ಬಿಡೋಕೇನಾಗಿತ್ತು?”

ಹೇಳಿದರೆ ಸೀಸೆ ಮೊದಲು ದೊಡ್ಡಪ್ಪನ ಕೋಣೆಯಲ್ಲಿ ಇತ್ತು ಎಂದಾಗುತ್ತದೆ, ಅವಳೇ ತಂದಳು ಎನ್ನುವುದು ಇನ್ನೂ ಗಟ್ಟಿಯಾಗುತ್ತದೆ ಎಂದು ಹೆದರಿದನಂತೆ. ಅವಳ ಮೇಲೆ ಇವನಿಗೆ ಮನಸ್ಸಿತ್ತು. ಮೂರು ವರ್ಷದಿಂದ ಇತ್ತು. ಇಷ್ಟು ಎತ್ತರದ ಮನುಷ್ಯ ಅಷ್ಟು ಸಣ್ಣ ಮಾತನ್ನು ಅವಳಿಗೆ ಹೇಳಲಾರದೆ, ಕಡೆಗೆ ಅವಳನ್ನು ಜೈಲಿನ ಬಾಗಿಲಿಗೆ ತಂದು ನಿಲ್ಲಿಸಿದ್ದ.

ಕೊಟ್ಟವರು ಯಾರು ಎಂದು ಕೇಳಿದೆ. ತಲೆ ಅಲ್ಲಾಡಿಸಿದ. ಮಾತು ಕೊಟ್ಟಿದ್ದೇನೆ, ಅವರೂ ಅಪೊಲಿನ್‌ಳ ಒಳ್ಳೆಯದಕ್ಕೇ ಹೇಳಿದ್ದು ಎಂದ.

ನಾನು ಬೇರೆ ದಾರಿ ಹಿಡಿದೆ. ವಿಂಟರ್‌ಗ್ರೀನ್ ವಾಸನೆ ಬಾಗಿಲಿಗೇ ಬಂದು ಮೂಗಿಗೆ ಹೊಡೆಯುತ್ತದೆ. ಪ್ರತಿ ವಾರ ಲ್ಯಾವೆಂಡರ್ ಬರುವ ಸೀಸೆಯಲ್ಲಿ ಅದು ಬಂದರೆ ಯಾರಾದರೂ ಬಿರಡೆ ಹಾಕಿ ಬದಿಗಿಡುತ್ತಾರೆ. ಅಜ್ಜ ಮೂರು ದಿನ ಉಜ್ಜಿಕೊಂಡಿದ್ದಾರೆ. ಅಪೊಲಿನ್ ಮೇಲೆ ಅಷ್ಟೊಂದು ನಂಬಿಕೆಯೇ ಎಂದು ಅವನನ್ನೇ ಕೇಳಿದೆ. ನಾನು ಎರಡು ಹನಿ ಹೆಚ್ಚು ಹಾಕಿದೆನೆಂದು ಜಗಳಕ್ಕೆ ಬರುವ ಮನುಷ್ಯ ಅವರು.

ಎಲ್ಜೆಯಾರ್ ಸುತ್ತ ನೋಡಿದ. ಕೆಲಸದವರು ದೂರದಲ್ಲಿದ್ದರು.

“ದೊಡ್ಡಪ್ಪನಿಗೆ ವಾಸನೆ ಬರಲ್ಲ.”

“ಏನಂದೆ?”

“ಚಳಿಗಾಲದಲ್ಲಿ ಜ್ವರ ಬಂತಲ್ಲ, ಅವಾಗಿಂದ. ಏನಂದ್ರೆ ಏನೂ ಬರಲ್ಲ. ಸೊಪ್ಪು ಸೀದ್ರೂ ಗೊತ್ತಾಗಲ್ಲ. ಹದ ನಾನೇ ಮೂಸಿ ನೋಡ್ತೀನಿ. ಗಿರಾಕಿಗಳ ಮುಂದೆ ಅವರು ಸೀಸೆ ಮೂಗಿಗೆ ಹಿಡೀತಾರೆ, ನಾನು ಹಿಂದೆ ನಿಂತು ಕೆಮ್ತೀನಿ. ಒಂದು ಕೆಮ್ಮು ಚೆನ್ನಾಗಿದೆ, ಎರಡು ಕೆಮ್ಮು ಬೇಡ.”

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮೂಗು ಸತ್ತ ಬಟ್ಟಿಯವನನ್ನು ಈ ಪ್ರಸ್ಥಭೂಮಿಯಲ್ಲಿ ಯಾರೂ ಕ್ಯಾರೇ ಅನ್ನುವುದಿಲ್ಲ, ನಿಜ. ಆದರೆ ಆ ಮೀಸೆಗಾಗಿ ಮುದುಕ ಆಸ್ಪತ್ರೆಯಲ್ಲಿ ಮಲಗಿ ಹಸಿ ಸುಳ್ಳು ಹೇಳಿದ್ದರು. ವಾಸನೆ ಗೊತ್ತಾಯಿತು ಎಂಬ ಒಂದು ಮಾತಿಗೆ ಹುಡುಗಿಯ ಬಾಳು ತೂಗುತ್ತಿತ್ತು.

“ಇದು ಯಾರ್ಯಾರಿಗೆ ಗೊತ್ತು?”

“ನನಗೆ, ದೊಡ್ಡಪ್ಪನಿಗೆ. ಆಣೆ ಇಡಿಸ್ಕೊಂಡಿದಾರೆ. ಅಪೊಲಿನ್‌ಗೂ ಗೊತ್ತಿಲ್ಲ.”

ಸೀಸೆ ಬದಲಾಯಿಸಿದವರಿಗೆ ಗೊತ್ತಿತ್ತು. ಮೂಗಿರುವ ಮನುಷ್ಯನಿಗೆ ವಿಂಟರ್‌ಗ್ರೀನನ್ನು ಲ್ಯಾವೆಂಡರ್ ಎಂದು ದಾಟಿಸಲು ಯಾರೂ ಯತ್ನಿಸುವುದಿಲ್ಲ. ಅವರು ಆ ಮನೆಯ ಒಳಗೆ ಓಡಾಡುವವರು, ಅಜ್ಜ ಊಟ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದವರು.

ಆ ಮೂಗು ಇರೋದು ಬರೀ ಕನ್ನಡಕ ಕೂರ್ಸೋಕೆ.

ಹೋದ ತಿಂಗಳು, ಅಂದಿದ್ದಳು. ಅಂದರೆ ಇದೆಲ್ಲ ಆಗುವುದಕ್ಕೂ ಮೊದಲೇ. ನಾನು ಅವಳ ಜೊತೆ ನಕ್ಕಿದ್ದೆ. ಹನ್ನೆರಡು ವರ್ಷದ ಗೆಳತಿಯ ಹೆಸರನ್ನು ಆ ಜಾಗದಲ್ಲಿ ಇಡಲು ನಾಲಿಗೆ ಏಳಲಿಲ್ಲ. ಆದರೂ ಇಟ್ಟೆ.

“ಸೀಸೆ ಕೊಟ್ಟಿದ್ದು ರೊಸೆಲೀನಾ?”

ಅವನು ಅಂಗಳದ ಆಚೆಗಿನ ಮನೆಯ ಕಡೆ ನೋಡಿದ. ದಿನಾ ಈ ಹೊತ್ತಿಗೆ ಗೋಡೆ ಬದಿಯಲ್ಲಿ ನಿಂತಿರುವ ಅವಳ ಬಿಳಿ ಕಾರು ಅಲ್ಲಿರಲಿಲ್ಲ.

*

ಅಜ್ಜನ ಮನೆಯ ಬಾಗಿಲು ದಾಟುವ ಮೊದಲೇ ವಾಸನೆ ಬಂತು. ನೋವಿನ ಮುಲಾಮಿನ ವಾಸನೆ, ಕಣ್ಣಲ್ಲಿ ನೀರು ಬರುವಷ್ಟು.

ಇಸ್ನಾರಜ್ಜ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಳಿತಿದ್ದರು. ಷರಾಯಿ ತೊಡೆಯವರೆಗೆ ಮಡಿಸಿ, ಎರಡೂ ಮಂಡಿಗೆ ಸಾವಕಾಶವಾಗಿ ಎಣ್ಣೆ ಉಜ್ಜಿಕೊಳ್ಳುತ್ತಿದ್ದರು. ಪಕ್ಕದ ಮೇಜಿನ ಮೇಲೆ ಸೀಸೆ. ಅದರ ಮೇಲೆ ನನ್ನ ಚೀಟಿ, ನನ್ನ ನೇರಳೆ ಶಾಯಿ.

“ಬಾರೇ ಓನೊರೀನ್. ನಿನ್ನ ಬಾದಾಮಿ ಎಣ್ಣೆ ಭೇಷಾಗಿದೆ ಕಣೇ. ಮೂಸಿದ ತಕ್ಷಣ ಗೊತ್ತಾಯ್ತು, ಅಪ್ಪಟ ಮಾಲು. ನಿನ್ನೆ ಸಂಜೆ ರೊಸೆಲೀನೇ ಉಜ್ಜಿದ್ಲು. ಇವತ್ತು ಅವಸರ ಅಂತ ಈ ಸೀಸೆ ಇಟ್ಟು ಹೋದ್ಲು.”

ಎಲ್ಜೆಯಾರ್ ಬಾಗಿಲಲ್ಲೇ ಕಲ್ಲಾಗಿ ನಿಂತಿದ್ದ. ಆಂಬುಲೆನ್ಸ್ ಕರೆಯಲು ಅವನನ್ನು ಬಟ್ಟಿಯ ಕಚೇರಿಗೆ ಓಡಿಸಿದೆ. ನಾನು ಅಡುಗೆಮನೆಗೆ ನುಗ್ಗಿ, ಆಲಿವ್ ಎಣ್ಣೆಯ ಬಾಟಲಿ ಮತ್ತು ಕೈಗೆ ಸಿಕ್ಕ ಬಟ್ಟೆ ತಂದು ನೆಲಕ್ಕೆ ಮಂಡಿಯೂರಿದೆ. ನೀರು ಹಾಕಿದರೆ ಮುಗಿಯಿತು. ಮೊದಲು ಎಣ್ಣೆಗೆ ಎಣ್ಣೆಯನ್ನೇ ಬೆರೆಸಿ ಎತ್ತಬೇಕು. ಅಂಗೈ ತುಂಬಾ ಸುರಿದುಕೊಂಡು ಎರಡೂ ಮಂಡಿಗೆ ಸವರಿದೆ, ಒರೆಸಿದೆ, ಮತ್ತೆ ಸವರಿದೆ.

ಅಜ್ಜ ಬೈಯುತ್ತಿದ್ದರು. ಹಚ್ಚಿದ್ದನ್ನು ಒರೆಸುತ್ತೀಯಲ್ಲ, ತಲೆ ಕೆಟ್ಟಿದೆಯಾ ಎನ್ನುತ್ತಿದ್ದರು. ಬೈಯಲು ಬಾಯಿ ತೆರೆದಾಗ ಹಲ್ಲಿನ ಸಂದಿಯಲ್ಲಿ ಕೆಂಪು ಕಂಡಿತು. ಇನ್ನೊಮ್ಮೆ ರಕ್ತ ಹರಿಯಲು ಶುರುವಾದರೆ ಈ ದೇಹ ತಡೆಯುವುದಿಲ್ಲ.

“ಮೇಡಂ, ಕೈ ತೆಗೀರಿ.”

ಬಾಗಿಲಲ್ಲಿ ಕೆರ್ವೆಲ್ಲಾ ನಿಂತಿದ್ದರು. ಹಿಂದೆ ಅಂಗಳದಲ್ಲಿ ಜೀಪು, ಜೀಪಿನ ಹಿಂದಿನ ಸೀಟಿನಲ್ಲಿ ಅಪೊಲಿನ್‌ಳ ಬಿಳಿಚಿಕೊಂಡ ಮುಖ. ನ್ಯಾಯಾಲಯಕ್ಕೆ ಹೊರಟವರು ಇಲ್ಲಿಗೆ ಏಕೆ ತಿರುಗಿದರು?

ಅವರೇ ಹೇಳಿದರು. ಹತ್ತು ನಿಮಿಷದ ಹಿಂದೆ ರೊಸೆಲೀನ್ ಫೋನ್ ಮಾಡಿದ್ದಳಂತೆ. ಅಂಗಡಿಯ ಓನೊರೀನ್ ಅಜ್ಜನಿಗೆ ಕಳುಹಿಸಿದ ಎಣ್ಣೆಯ ಬಗ್ಗೆ ತನಗೆ ಅನುಮಾನ ಬಂದಿದೆ, ಈ ಊರಲ್ಲಿ ವಿಂಟರ್‌ಗ್ರೀನ್ ಮಾರುವುದು ಅವಳೊಬ್ಬಳೇ, ಒಮ್ಮೆ ಹೋಗಿ ನೋಡಿ ಎಂದಳಂತೆ. ಹೇಳುವಾಗ ಅಳುತ್ತಿದ್ದಳಂತೆ.

ನನ್ನ ಎರಡೂ ಕೈ ಮೊಳಕೈವರೆಗೆ ಎಣ್ಣೆಯಾಗಿತ್ತು. ಮುದುಕನ ಮಂಡಿಯ ಮೇಲೆ ಇನ್ನೂ ನನ್ನ ಅಂಗೈ ಇತ್ತು.

“ಬೆಳಿಗ್ಗೆ ನಿಮ್ಮ ಬೆರಳಿಗೆ ಏನ್ ಮಾಡ್ದೆ ಹೇಳಿ? ಅದನ್ನೇ ಮಾಡ್ತಿದೀನಿ. ಎಣ್ಣೆ ತೆಗೀತಿದೀನಿ.”

ಅವರು ಎಡಗೈಯಿಂದ ಕರವಸ್ತ್ರ ಹಾಕಿ ಸೀಸೆ ಎತ್ತಿದರು. ಮೂಸಿದರು. ಚೀಟಿ ಓದಿದರು. ನನ್ನನ್ನು ನೋಡಿದರು.

ಎಲ್ಜೆಯಾರ್ ಇನ್ನೂ ಕಚೇರಿಯಿಂದ ಮರಳಿರಲಿಲ್ಲ, ಹೇಳಬೇಕಾದದ್ದನ್ನೆಲ್ಲ ನಾನೊಬ್ಬಳೇ ಒಂದೇ ಉಸಿರಿಗೆ ಹೇಳಿದೆ. ತೋಳಿನ ಗೆರೆ, ಕಾಗದದಲ್ಲಿ ಸುತ್ತಿದ ಸೀಸೆ, ಸೀದ ಸಾರು, ವಾಸನೆ ಬಾರದ ಮೂಗು. ಕೊನೆಯ ಮಾತಿಗೆ ಅಜ್ಜನ ಮುಖ ಕಪ್ಪಿಟ್ಟಿತು. ಕೆರ್ವೆಲ್ಲಾ ಅವರ ಕಡೆ ತಿರುಗಿ ಮೆತ್ತಗೆ ಕೇಳಿದರು:

“ಹೌದಾ ಅಜ್ಜ? ನಿಮಗೆ ವಾಸನೆ ಬರಲ್ವಾ? ಇದು ವಿಂಟರ್‌ಗ್ರೀನ್. ಹಚ್ಕೊಳ್ಳೋವಾಗ ಗೊತ್ತಾಗ್ಲಿಲ್ವಾ?”

ಬರುವುದಿಲ್ಲ ಎಂಬ ಒಂದು ಪದ ಸಾಕಿತ್ತು. ಜೀಪಿನಲ್ಲಿ ಕುಳಿತ ಹುಡುಗಿ ಇಳಿದು ಮನೆಗೆ ಹೋಗುತ್ತಿದ್ದಳು. ನಾನು ಮುದುಕನ ಕೈ ಹಿಡಿದು ಬೇಡಿಕೊಂಡೆ.

“ಹೇಳಿ ಅಜ್ಜ. ನಾಚಿಕೆ ಏನಿದೆ ಇದರಲ್ಲಿ? ನಿಮ್ಮ ಜೀವದ ಪ್ರಶ್ನೆ, ಅವಳ ಜೀವದ ಪ್ರಶ್ನೆ.”

ಇಸ್ನಾರಜ್ಜ ಕಿಟಕಿಯಾಚೆ ನೋಡಿದರು. ಬಟ್ಟಿಯ ಕೆಲಸದವರು ಜೀಪು ಕಂಡು ಕಿಟಕಿಯ ಬಳಿಗೇ ಬಂದು ನಿಂತಿದ್ದರು. ಆರು ಜನ, ಅವರ ಕೈಕೆಳಗೇ ಬೆಳೆದವರು. ಮುದುಕ ಬೆನ್ನು ನೆಟ್ಟಗೆ ಮಾಡಿಕೊಂಡು, ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡರು.

“ಐವತ್ತು ವರ್ಷದ ಮೂಗು ಇದು. ವಿಂಟರ್‌ಗ್ರೀನ್ ಅಂತ ಗೊತ್ತಾಗ್ದೇ ಏನು? ಓನೊರೀನ್ ಕಳ್ಸಿದಾಳೆ, ಗೊತ್ತಿದ್ದೇ ಕಳ್ಸಿರ್ತಾಳೆ ಅಂತ ಹಚ್ಕೊಂಡೆ.”

ಹೇಳಿ ಮುಗಿಸುವಷ್ಟರಲ್ಲಿ ಆ ಮೂಗಿನಿಂದಲೇ ಒಂದು ಕೆಂಪು ಗೆರೆ ತುಟಿಗೆ ಇಳಿಯಿತು. ಅವರು ಅದನ್ನು ಒರೆಸಿಕೊಳ್ಳಲು ಕೈ ಎತ್ತಿದರು. ಕೈ ಅರ್ಧಕ್ಕೇ ನಿಂತಿತು, ತಲೆ ನನ್ನ ಹೆಗಲ ಮೇಲೆ ವಾಲಿತು. ಕರೆದೆ, ಅಲುಗಾಡಿಸಿದೆ. ಅಜ್ಜ ಮಾತಾಡಲಿಲ್ಲ.

ದೂರದ ಇಳಿಜಾರಿನಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿತು. ಕೆರ್ವೆಲ್ಲಾ ಕೆಲಸದವರಿಬ್ಬರನ್ನು ಒಳಗೆ ಕರೆದು, ಮುದುಕನನ್ನು ನನ್ನ ಕೈಯಿಂದ ಬಿಡಿಸಿ ನೆಲಕ್ಕೆ ಮಲಗಿಸಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಬೆಳಿಗ್ಗೆಯಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದ ಬಲಗೈ ಹೊರತೆಗೆದು ಬಾಗಿಲ ಕಡೆ ತೋರಿಸಿದರು.

“ಅಪೊಲಿನ್ ಪಕ್ಕ ಇನ್ನೊಬ್ಬರಿಗೆ ಜಾಗ ಇದೆ, ಮೇಡಂ. ಬನ್ನಿ.”